ಚೌಕ ತೂತು

ಪೆನ್ಷನ್ ಮೊಹಲ್ಲಾದ ಮಕ್ಬೂಲ್ ತಂಬಾಕಿನ ಡಬ್ಬಿ ಮಗುಚಿ
ನಾಲ್ಕು ಶಿಲುಬೆ ಸುರಿದ ನನ್ನ ಬೆಂಚಿನ ಮೇಲೆ.
ಮೂರು ದಪ್ಪಗೆ ಕೆಮ್ಮಿದವು.
ಒಂದು ಮಾತ್ರ ತೆಳ್ಳಗೆ ನಕ್ಕು
ಅರದ ಪಕ್ಕ ಜಾರಿ ಕೂತಿತು.

ಮೊದಲು ಕಿವಿ, ಆಮೇಲೆ ಮೂಗು, ಕಡೆಗೆ ಕಣ್ಣು:
ಅಪ್ಪ ಚಿನ್ನಕ್ಕೆಂದು ಕಲಿಸಿದ್ದು.
ಜರ್ಮನಿಯ ಹಿತ್ತಾಳೆಗೂ ನಡೆಯುತ್ತೆ.

ಮೂರಕ್ಕೂ ನವಸಾಗರದ ಘಾಟು.
ಯಾರೋ ಮೊನ್ನೆ ಮೊನ್ನೆ ಕಿಲುಬು ಹತ್ತಿಸಿದ್ದಾರೆ,
ಹಳ್ಳಕ್ಕೂ ದಿಬ್ಬಕ್ಕೂ ಒಂದೇ ಹಸಿರು.
ನಿಜವಾದ ವಯಸ್ಸು ದಿಬ್ಬದಲ್ಲಿ ಕೂರಲ್ಲ,
ಹೆಬ್ಬೆರಳು ಕೂರಗೊಡಲ್ಲ.

ತಿರುಗಿಸಿದರೆ ಬೆನ್ನು ಚಪ್ಪಟೆ, ಎರಕದ ಗುಳ್ಳೆ.
ವರ್ನಿಯರ್ ಹಿಡಿದರೆ ಒಂದು ಕೂದಲೆಳೆ ಗಿಡ್ಡ:
ಆರುವಾಗ ಲೋಹ ಕುಗ್ಗುತ್ತೆ,
ಸುಳ್ಳು ಹೇಳಿ ಮನೆಗೆ ಬಂದ ಹುಡುಗನ ಹಾಗೆ.

ನಾಲ್ಕನೆಯದು ತಗಡು, ಅಚ್ಚಿನಲ್ಲಿ ಒತ್ತಿದ್ದು.
ಮುಂದೆ ಉಬ್ಬಿದ ಅಕ್ಷರ ಹಿಂದೆ ಹಳ್ಳವಾಗಿ
ಬಲದಿಂದ ಎಡಕ್ಕೆ ಓದಿಸಿಕೊಳ್ಳುತ್ತೆ:
ದೇವರೊಡನೆ, ದೊರೆಗಾಗಿ, ತಂದೆನಾಡಿಗಾಗಿ.
ನಡುವೆ ೧೮೧೩. ಇದನ್ನು ನೋಡಿಯೇ ಜನ ಮೋಸಹೋಗೋದು.
ಅದು ಬಿಲ್ಲೆ ಹುಟ್ಟಿದ ವರ್ಷ ಅಲ್ಲ, ಆ ದಂಡು ಹುಟ್ಟಿದ್ದು;
ಆಮೇಲೆ ನೂರು ವರ್ಷ ಅದನ್ನೇ ಒತ್ತಿದರು
ಬ್ರೆಡ್ಡಿನ ಒಲೆ ಬಿಟ್ಟು, ಹೊಲಿಗೆ ಬಿಟ್ಟು,
ಹೊಟ್ಟೆ ಬಂದ ಮೇಲೆ ಕರೆಸಿಕೊಂಡ
ಊರ ಗಂಡಸರ ಟೋಪಿಗಳಿಗೆ.

ತೂತನ್ನು ಕಡೆಗೆ ಉಳಿಸಿಕೊಂಡಿದ್ದೆ.
ಮೇಲಿನ ತೋಳಿನಲ್ಲಿ, ದೇವರ ಪಕ್ಕ,
ಚೌಕ ತೂತು.

"ಮುತ್ತಜ್ಜಂದು," ಅಂದ ಮಕ್ಬೂಲ್.
"ಕುದುರೆ ದಂಡಿನಲ್ಲಿ ನಾಲ್‌ಬಂದ್.
ಮರಳಲ್ಲಿ ಸಿಕ್ಕಿದ್ದಂತೆ.
ಲಾಳದ ಮೊಳೆ ತಗೊಂಡು
ಹತಾರದ ಪೆಟ್ಟಿಗೆ ಮೇಲೆ ಹೊಡೆದುಬಿಟ್ಟ.
ಟೋಪಿ ಯಾರದೋ, ತಲೆ ಯಾರದೋ,
ಅದನ್ನ ಮಾತ್ರ ಯಾರಿಗೂ ಹೇಳಲಿಲ್ಲ."

ಪುಣೆಯ ಸಂಗ್ರಾಹಕರಿಗೆ ಫೋನು ಹಚ್ಚಿದೆ.
ಒತ್ತಿದ ತಗಡೇ? ಹೌದು.
ಹಿಂದಿನ ಎರಡು ಕೊಂಡಿ? ಒಂದಿದೆ, ಒಂದರ ಬೆಸುಗೆ ಗುರುತಿದೆ.
ತೂತು? ಇದೆ.
ಆ ಕಡೆ ನಿಟ್ಟುಸಿರು.
ಹನ್ನೆರಡು ಸಾವಿರ ಆಗಬಹುದಿತ್ತು,
ಈಗ ನಾಲ್ಕು, ಅದೂ ನಿಮ್ಮ ಮುಖ ನೋಡಿ.

ನನ್ನ ಮುಖ ಅವರು ನೋಡಿಲ್ಲ.

ಫೋನಿಟ್ಟು ಲೆಕ್ಕ ಹಾಕಿದೆ:
ನಕಲಿಗೆ ಯಾರು ಲಾಳದ ಮೊಳೆ ಹೊಡೆದಾರು?
ಇದು ಅಸಲಿ ಅಂತ ಆಣೆ ಇಡೋ ಸಾಕ್ಷಿ ಈ ತೂತೇ,
ಎಂಟು ಸಾವಿರ ಕೊಚ್ಚಿದ್ದೂ ಈ ತೂತೇ.

"ಮಾರ್ತೀಯಾ?"
"ಮಾರಕ್ಕೆ ತಂದಿದ್ದಲ್ಲ ಅಕ್ಕಾ. ಬೆಲೆ ಗೊತ್ತಿರಲಿ ಅಂತ."
ಆಮೇಲೆ ತಲೆ ಕೆರೆದುಕೊಂಡ.
"ಆ ಮೂರು ಮೈಸೂರಲ್ಲಿ ನಾನೇ ಕೊಂಡಿದ್ದು, ಮುನ್ನೂರಕ್ಕೆ.
ನನಗೆ ನಾಲ್ಕು ಹೆಣ್ಣು ಮಕ್ಕಳು.
ಇವಕ್ಕೂ ಅಂಥದ್ದೇ ತೂತು ಹೊಡೆದು ಕೊಡ್ತೀರಾ?"
ಜೇಬಿನಿಂದ ಮೊಳೆ ತೆಗೆದ.
ಮುತ್ತಜ್ಜನದೇ, ಚೌಕ ಮೈ, ತುದಿ ಸ್ವಲ್ಪ ಬಾಗಿದ್ದು.

ಇಪ್ಪತ್ತಾರು ವರ್ಷದಿಂದ ನಕಲಿ ಹಿಡಿಯೋದು ನನ್ನ ಕಸುಬು.
ಬೀದಿಯಲ್ಲಿ ಅರಸೀಕೆರೆ ಬಸ್ಸು ಹಾರನ್ ಹೊಡೆದು ಹೊಡೆದು ಸಾಕಾಗಿ
ಸುಮ್ಮನಾಯಿತು.
"ಮಕ್ಕಳಿಗೆ ಹೇಳ್ತೀಯಾ ಯಾವುದು ಯಾವುದು ಅಂತ?"
"ದೊಡ್ಡೋಳು ಕೇಳ್ತಾಳೆ. ಅವಳಿಗೆ ಹೇಳಲ್ಲ."

ಸೀಸದ ದಿಮ್ಮಿ ಎಳೆದುಕೊಂಡೆ. ಮೂರು ಪೆಟ್ಟು.
ಎರಕ, ಮೂರನೆಯದು ಅಂಚಿನಲ್ಲಿ ಸ್ವಲ್ಪ ಸೀಳಿತು.
ದುಡ್ಡು ತಗೊಳ್ಳಲಿಲ್ಲ,
ಚೀಟಿಯನ್ನೂ ಬರೆದುಕೊಡಲಿಲ್ಲ.

ಆದರೆ ಅವನ ಮುತ್ತಜ್ಜ ಮುಂದಿನಿಂದ ಹೊಡೆದಿದ್ದ,
ಮುಳ್ಳು ಹಿಂದಕ್ಕೆ ಎದ್ದಿದೆ.
ನಾನು ಮೂರಕ್ಕೂ ಹಿಂದಿನಿಂದ ಹೊಡೆದೆ.
ಮುಂದೊಂದು ದಿನ ಯಾರಾದರೂ
ಬೆರಳಿಟ್ಟು ಸವರಿದರೆ
ಚುಚ್ಚುತ್ತೆ.